ಸಕ್ಕರೆಯ ದ್ವೀಪದಲ್ಲಿ ದಾಸರ ಕ್ರಾಂತಿ

'ಶರ್ಕರಾ' ಎಂಬ ನಮ್ಮ ಸಂಸ್ಕೃತ ಶಬ್ದವು ಪಾರಸಿ, ಅರಬ್ಬಿ ಭಾಷೆಗಳನ್ನು ದಾಟಿ ಫ್ರಾನ್ಸನ್ನು ಸೇರಿ 'ಸುಕ್ರ್' ಆಯಿತು. ಆ ಮಧುರ ಪದಾರ್ಥಕ್ಕಾಗಿ ಲಕ್ಷಾಂತರ ಜನರಿಗೆ ಒದಗಿದ ಕಷ್ಟವನ್ನೂ ಅವರು ಬಿಡಿಸಿಕೊಂಡ ಬಗೆಯನ್ನೂ ವಾಚಕರ ಮುಂದಿಡುವೆನು. ಮೂವತ್ತು ವರ್ಷ ಹುಡುಗರಿಗೆ ಫ್ರಾನ್ಸಿನ ಮಹಾಕ್ರಾಂತಿಯನ್ನು ಬೋಧಿಸಿದ ನಾನು ಹೈಟಿಯ ಹೆಸರನ್ನು ಒಂದು ದಿನವೂ ಎತ್ತಲಿಲ್ಲವೆಂಬುದು ಈಗ ನಾಚಿಕೆಯ ಮಾತಾಗಿದೆ.

ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲ ದ್ವೀಪದ ಪಶ್ಚಿಮಭಾಗವು 1697ರಲ್ಲಿ ವಿಧ್ಯುಕ್ತವಾಗಿ ಫ್ರೆಂಚರ ವಶವಾಯಿತು. 1789ರ ಸುಮಾರಿಗೆ ಅಲ್ಲಿ ಬಿಳಿಯರು 30,000ದಷ್ಟು. ದಾಸರು 5 ಲಕ್ಷದ ಹತ್ತಿರ. ಕಡಿದ ಕಬ್ಬನ್ನು ಕೂಡಲೆ ಅರೆಯದಿದ್ದರೆ ರಸವು ಕೆಡುವುದು. ಆದಕಾರಣ ಸುಗ್ಗಿಯಲ್ಲಿ ಗಾಣಗಳು ಹಗಲಿರುಳೂ ತಿರುಗುತ್ತಿದ್ದವು. ನಿದ್ದೆಗಣ್ಣಿನಲ್ಲಿ ಕಬ್ಬು ಕೊಡುವವರ ಕೈಯೇ ಗಾಣಕ್ಕೆ ಸಿಕ್ಕುವುದುಂಟು. ಹುಟ್ಟಿಗಿಂತ ಸಾವು ಹೆಚ್ಚಾಗಿ, ವರ್ಷವರ್ಷವೂ ಹೊಸಬರನ್ನು ಕೊಂಡು ತರಬೇಕಾಗುತ್ತಿದ್ದಿತು. ಹೀಗಾಗಿ ದಾಸರಲ್ಲಿ ಬಹುಮಂದಿ ಆಫ್ರಿಕದಲ್ಲಿಯೇ ಹುಟ್ಟಿದವರು. ಸ್ವಾತಂತ್ರ್ಯವೆಂದರೇನೆಂಬುದನ್ನು ಪ್ಯಾರಿಸಿನ ಘೋಷಣೆಯು ಅವರಿಗೆ ಕಲಿಸಬೇಕಾಗಿರಲಿಲ್ಲ. ಆ ಘೋಷಣೆಯು ಮಾಡಿದ್ದು ಬೇರೆ: ಬಿಳಿಯರಿಗೂ ಸ್ವತಂತ್ರರಾದ ಮಿಶ್ರವರ್ಣದವರಿಗೂ ಹಕ್ಕಿನ ಜಗಳವನ್ನು ಹಚ್ಚಿ ಯಜಮಾನರ ಕಟ್ಟನ್ನು ಒಡೆಯಿತು.

1791ರ ಆಗಸ್ಟಿನಲ್ಲಿ ಉತ್ತರದ ಬಯಲಿನ ತೋಟಗಳು ಹೊತ್ತಿಕೊಂಡವು. ಸ್ಪೇನ್, ಇಂಗ್ಲೆಂಡುಗಳೊಡನೆ ಯುದ್ಧವೂ ಕೂಡಿಬರಲು, ಫ್ರೆಂಚ್ ಅಧಿಕಾರಿ ಸೊಂತೊನಾಕ್ಸನು 1793ರಲ್ಲಿ ದಾಸರಿಗೆ ಬಿಡುಗಡೆಯನ್ನು ಸಾರಿದನು. ಪ್ಯಾರಿಸು ಮರುವರ್ಷ ಒಪ್ಪಿತು. ದಯೆಗಿಂತ ಗತ್ಯಂತರವಿಲ್ಲದಿದ್ದುದೇ ಇದಕ್ಕೆ ಕಾರಣವೆಂದು ನನಗೆ ತೋರುತ್ತದೆ. ಮೊದಲು ತಾನೇ ದಾಸನಾಗಿದ್ದ ತೂಸಾಂ ಲುವೆರ್ತ್ಯೂರನು ಸೇನಾಪತಿಯಾಗಿ ದ್ವೀಪವನ್ನು ಆಳಿದನು. ಆದರೆ ಬಿಡುಗಡೆಯಾದವರನ್ನು ಸೈನಿಕರ ಕಾವಲಿನಲ್ಲಿ ಮತ್ತೆ ತೋಟಗಳಲ್ಲಿಯೇ ದುಡಿಸಿದವನೂ ಅವನೇ. 1802ರಲ್ಲಿ ನೆಪೋಲಿಯನ್ನನ ಸೇನೆಯು ಅವನನ್ನು ವಂಚನೆಯಿಂದ ಹಿಡಿದೊಯ್ದಿತು. ಮರುವರ್ಷ ಫ್ರಾನ್ಸಿನ ಪರ್ವತದುರ್ಗವೊಂದರ ಸೆರೆಯಲ್ಲಿ ಅವನು ತೀರಿಕೊಂಡನು. ಆ ಸೇನೆಯನ್ನು ಹಳದಿಜ್ವರವೂ ದೆಸಾಲೀನನ ಪಡೆಯೂ ಕೂಡಿ ಮುಗಿಸಿದವು. 1804ರ ಜನವರಿ 1ರಂದು ಹೈಟಿಯು ಸ್ವತಂತ್ರವಾಯಿತು. ಅದೇ ವರ್ಷ ದೆಸಾಲೀನನು ಉಳಿದ ಫ್ರೆಂಚರನ್ನು ಹೆಂಗಸರು ಮಕ್ಕಳೆನ್ನದೆ ಕೊಲ್ಲಿಸಿದನು, ಅದನ್ನು ಮರೆಮಾಡಲಾಗದು.

ಗೆದ್ದವರೇ ದಂಡ ತೆತ್ತದ್ದು ಈ ಚರಿತ್ರೆಯ ವೈಚಿತ್ರ್ಯ. 1825ರಲ್ಲಿ ಹತ್ತನೆಯ ಚಾರ್ಲ್ಸನು 14 ಯುದ್ಧನೌಕೆಗಳನ್ನು ಕಳುಹಿಸಿ, ತೋಟಗಾರರ ನಷ್ಟಕ್ಕೆ 15 ಕೋಟಿ ಫ್ರಾಂಕುಗಳನ್ನು ಕೇಳಿದನು. ಆ ನಷ್ಟದ ಲೆಕ್ಕದಲ್ಲಿ ದಾಸರ ಬೆಲೆಯೂ ಸೇರಿದ್ದಿತು. ಎಂದರೆ, ರಕ್ತ ಸುರಿಸಿ ಬಿಡುಗಡೆ ಪಡೆದವರು ತಮ್ಮ ದೇಹಗಳ ಕ್ರಯವನ್ನೂ ಕೊಡಬೇಕಾಯಿತು. ಮೊದಲ ಕಂತಿಗಾಗಿ ಪ್ಯಾರಿಸಿನ ಸಾಹುಕಾರರಲ್ಲಿಯೇ 3 ಕೋಟಿ ಸಾಲವೆತ್ತಿದರು. ಕೈಗೆ ಬಂದುದು 2 ಕೋಟಿ 40 ಲಕ್ಷ. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರೂ, ಸಾಲದ ಮೇಲೆ ಸಾಲ ಬೆಳೆದು, ಅದರ ಕೊನೆಯ ಬಾಕಿ ತೀರಿದ್ದು 1947ರಲ್ಲಿ. ಬಹುಕಾಲ ಆ ಹಣವು ಹುಟ್ಟುತ್ತಿದ್ದುದು ದಾಸರ ಮೊಮ್ಮಕ್ಕಳು ಬೆಟ್ಟಗಳಲ್ಲಿ ಬೆಳೆದ ಕಾಫಿಯ ಸುಂಕದಿಂದ.