ಪಿಸಿಯಲ್ಲಿ ಹಾಡು ಮೆಲ್ಲಗೆ ಕೇಳ್ತಿದ್ದ ಕಾಲ

ಈ ಕಂತನ್ನು ನೀವು ಫೋನಿನಲ್ಲಿ ಕೇಳ್ತಿದ್ದೀರಿ. ಸದ್ದು ಸಾಲದಿದ್ರೆ ಪಕ್ಕದ ಬಟನ್ ಒತ್ತಿದ್ರೆ ಆಯ್ತು. ಹಳೇ ಕಂಪ್ಯೂಟರಿನಲ್ಲಿ ಹಾಗಿರಲಿಲ್ಲ. ಸ್ಪೀಕರಿನ ತಿರುಗಣೆ ಪೂರ್ತಿ ತಿರುಗಿಸಿದ್ರೂ ಹಾಡು ಪಕ್ಕದ ಮನೆಯಿಂದ ಬಂದ ಹಾಗೆ ಕೇಳೋದು. ಯಾಕೆ ಅಂತ ತಿಳೀಬೇಕಾದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರೊಳಗೆ ಒಂದು ಪುಟ್ಟ ಸ್ಪೀಕರ್ ಇತ್ತು, ಬೀಪ್ ಅನ್ನೋದಕ್ಕೆ. 1987ರಲ್ಲಿ ಕೆನಡಾದ ಆಡ್‌ಲಿಬ್ ಕಂಪನಿ ಯಮಹಾ ಚಿಪ್ ಇದ್ದ ಕಾರ್ಡ್ ತಂದಿತು, ಆಟಗಳಿಗೆ ಸಂಗೀತ ಬಂತು. 1989ರಲ್ಲಿ ಸಿಂಗಾಪುರದ ಸಿಮ್ ವಾಂಗ್ ಹೂ ಅವರ ಕ್ರಿಯೇಟಿವ್ ಕಂಪನಿ ಸೌಂಡ್ ಬ್ಲಾಸ್ಟರ್ ಬಿಟ್ಟಿತು. ಅದರಲ್ಲಿ ಯಮಹಾ ಚಿಪ್ಪಿನ ಜೊತೆಗೆ ರೆಕಾರ್ಡ್ ಮಾಡಿದ ದನಿಯನ್ನೂ ನುಡಿಸಬಹುದಿತ್ತು.

ತೊಂದರೆ ಶುರುವಾಗಿದ್ದೂ ಅಲ್ಲೇ. ಒಂದೇ ಕಾರ್ಡಿಗೆ ಹಲವು ಕಡೆಯಿಂದ ಸದ್ದು ಬರತೊಡಗಿತು: ವೇವ್, ಮಿಡಿ, ಸಿಡಿ, ಲೈನ್-ಇನ್, ಮೈಕ್. ಇವನ್ನೆಲ್ಲ ಬೆರೆಸೋಕೆ ಮಿಕ್ಸರ್ ಬೇಕಾಯ್ತು. ಒಂದೊಂದಕ್ಕೂ ಒಂದು ಸ್ಲೈಡರ್, ಎಲ್ಲದರ ಮೇಲೆ ಒಂದು ಮಾಸ್ಟರ್. ಮನೆ ಮೇಲಿನ ಟ್ಯಾಂಕ್ ನೆನಪು ಮಾಡ್ಕೊಳ್ಳಿ. ಅಲ್ಲಿನ ವಾಲ್ವ್ ಅರ್ಧ ಮುಚ್ಚಿದ್ರೆ ಅಡುಗೆಮನೆ ನಲ್ಲಿಯನ್ನು ಎಷ್ಟು ತಿರುಗಿಸಿದ್ರೂ ನೀರು ಸಣ್ಣಗೇ ಬರುತ್ತೆ. ಮಾಸ್ಟರ್ ಮೇಲಿದ್ದು ವೇವ್ ಕೆಳಗಿದ್ರೆ ಎಂಪಿ3 ಹಾಡಿನ ಗತಿಯೂ ಅದೇ. ತಮಾಷೆ ಅಂದ್ರೆ ಅದೇ ಕಂಪ್ಯೂಟರಿನಲ್ಲಿ ಸಿಡಿ ಜೋರಾಗಿ ಕೇಳೋದು! ಸಿಡಿ ಡ್ರೈವಿನಿಂದ ಕಾರ್ಡಿಗೆ ಬೇರೆಯೇ ಒಂದು ಸಣ್ಣ ವೈರ್ ಬರ್ತಿತ್ತು, ಅದಕ್ಕೆ ಬೇರೆಯೇ ಸ್ಲೈಡರ್.

ಇನ್ನೂ ಹಳೇ ಕಾರ್ಡುಗಳಲ್ಲಿ ಪುಟ್ಟ ಆಂಪ್ಲಿಫೈಯರ್ ಮತ್ತು ಹಿಂಬದಿಯಲ್ಲಿ ಬೆರಳಿನಿಂದ ತಿರುಗಿಸೋ ಚಕ್ರ ಇರ್ತಿತ್ತು. ಸಿಪಿಯು ಡಬ್ಬಿ ಮೇಜಿನ ಕೆಳಗೆ, ಗೋಡೆಗೆ ಒರಗಿಕೊಂಡು. ಆ ಚಕ್ರ ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಮುಂದೆ ಸ್ಪೀಕರುಗಳೊಳಗೇ ಆಂಪ್ಲಿಫೈಯರ್ ಬಂದಾಗ ಕಾರ್ಡಿನಿಂದ ಅದನ್ನು ತೆಗೆದುಹಾಕಿದರು. ಅಂಥ ಲೈನ್-ಔಟ್‌ಗೆ ಆಂಪ್ಲಿಫೈಯರ್ ಇಲ್ಲದ ಸ್ಪೀಕರ್ ಸಿಕ್ಕಿಸಿದ್ರೆ ಸದ್ದು ಸೊರಗದೆ ಇನ್ನೇನಾಗುತ್ತೆ?

1997ರಲ್ಲಿ ಇಂಟೆಲ್ ಎಸಿ'97 ಅನ್ನೋ ಮಾನದಂಡ ತಂದಮೇಲೆ ಸೌಂಡ್ ಕಾರ್ಡ್ ಕ್ರಮೇಣ ಮದರ್‌ಬೋರ್ಡಿನೊಳಗೇ ಸೇರಿಹೋಯ್ತು. ಲಿನಕ್ಸ್‌ನ ಆಲ್ಸಾದಲ್ಲಂತೂ ಹೊಸದಾಗಿ ಹಾಕಿದಾಗ ಎಲ್ಲ ಚಾನೆಲ್‌ಗಳೂ ಮ್ಯೂಟ್! ಆಲ್ಸಾಮಿಕ್ಸರ್ ತೆರೆದು, 'ಎಂಎಂ' ಅಂತ ಇದ್ದ ಕಡೆ ಎಂ ಒತ್ತಿ, ಪಿಸಿಎಂ ಮತ್ತು ಮಾಸ್ಟರ್ ಎರಡನ್ನೂ ಏರಿಸಬೇಕು. ವಿಂಡೋಸ್ 7ರದ್ದು ಇನ್ನೊಂದು ವರಸೆ: ಕಂಪ್ಯೂಟರಿನಲ್ಲಿ ಕರೆ ಬಂತು ಅಂತ ಅನ್ನಿಸಿದ್ರೆ ಉಳಿದ ಸದ್ದನ್ನು ತಾನಾಗಿ ಶೇಕಡಾ 80ರಷ್ಟು ತಗ್ಗಿಸುತ್ತಿತ್ತು. ಸೌಂಡ್ ಸೆಟ್ಟಿಂಗ್‌ನ ಕಮ್ಯುನಿಕೇಷನ್ಸ್ ವಿಭಾಗದಲ್ಲಿ ಅದನ್ನು ನಿಲ್ಲಿಸಬಹುದಿತ್ತು.

ಹಾಡು ಮೆಲ್ಲಗಿದ್ರೆ ಸ್ಲೈಡರ್ ಏರಿಸಿದ್ರಾಯ್ತು, ನಷ್ಟ ಏನಿಲ್ಲ. ರೆಕಾರ್ಡಿಂಗ್ ಮೆಲ್ಲಗಾದ್ರೆ ಹಾಗಲ್ಲ. 16 ಬಿಟ್ ಅಂದ್ರೆ 65,536 ಮೆಟ್ಟಿಲು. ಸದ್ದಿನ ಮಟ್ಟ 6 ಡೆಸಿಬಲ್ ಇಳಿದ ಹಾಗೆಲ್ಲ ಸುಮಾರು ಒಂದು ಬಿಟ್ ಕೈಬಿಟ್ಟ ಹಾಗೆ. ಆಮೇಲೆ ಏರಿಸಿದ್ರೆ ದನಿಯ ಜೊತೆ ಗೊರಗೊರ ಸದ್ದೂ ಏರುತ್ತೆ. ನಮ್ಮಜ್ಜಿ ಸೋಬಾನೆ ಹೇಳಿದ್ದ ಕ್ಯಾಸೆಟ್ಟನ್ನು ಊರಿನ ಒಂದು ಅಂಗಡಿಯಲ್ಲಿ ಸಿಡಿ ಮಾಡಿಸಿದ್ರು. ಅಲ್ಲಿ ಲೈನ್-ಇನ್ ಕೆಳಗಿಟ್ಟೇ ರೆಕಾರ್ಡ್ ಮಾಡಿದ್ರಂತೆ. ಮೂಲ ಕ್ಯಾಸೆಟ್ ಈಗಿಲ್ಲ. ಸಿಡಿಯಲ್ಲಿ ಅಜ್ಜಿಯ ದನಿಗಿಂತ ಮಳೆ ಹುಯ್ದ ಹಾಗಿರೋ ಸದ್ದೇ ಜಾಸ್ತಿ. ನಾನು ಈ ವಿಷಯದ ಬೆನ್ನು ಹತ್ತಿದ್ದೇ ಅದರಿಂದ.

ನಿಮ್ಮ ಮನೆಯಲ್ಲೂ ಕ್ಯಾಸೆಟ್ ಇದ್ದು, ಹಳೇ ಎಕ್ಸ್‌ಪಿ ಕಂಪ್ಯೂಟರ್ ಇನ್ನೂ ಓಡ್ತಿದ್ರೆ, ವಾಲ್ಯೂಮ್ ಕಂಟ್ರೋಲ್ ತೆರೆದು ಆಪ್ಷನ್ಸ್, ಪ್ರಾಪರ್ಟೀಸ್, ರೆಕಾರ್ಡಿಂಗ್‌ಗೆ ಹೋಗಿ. ಕೇಳೋ ಸ್ಲೈಡರ್ ಬೇರೆ, ರೆಕಾರ್ಡ್ ಆಗೋ ಸ್ಲೈಡರ್ ಬೇರೆ. ಅಲ್ಲಿ ಲೈನ್-ಇನ್ ಆರಿಸಿ. ಕ್ಯಾಸೆಟ್ಟಿನ ಅತಿ ಜೋರಾದ ಜಾಗ ನುಡಿಸಿ, ಮೀಟರ್ ಕೆಂಪು ಮುಟ್ಟೋದಕ್ಕೆ ಸ್ವಲ್ಪ ಮುಂಚೆ ನಿಲ್ಲೋ ಹಾಗೆ ಮಟ್ಟ ಇಡಿ. ಒಂದು ನಿಮಿಷ ರೆಕಾರ್ಡ್ ಮಾಡಿ, ಇಯರ್‌ಫೋನಿನಲ್ಲಿ ಕೇಳಿ ನೋಡಿ. ಸರಿ ಅನ್ನಿಸಿದಮೇಲೆ ಕ್ಯಾಸೆಟ್ಟನ್ನು ಮೊದಲಿನಿಂದ ಹಾಕಿ.