ಪ್ರಳಯದ ಲೆಕ್ಕಗಳು: ಕಾಲಜ್ಞಾನದಿಂದ ಅಷ್ಟಗ್ರಹಕೂಟದವರೆಗೆ

ನವಲಿಯಿಂದ ದಕ್ಷಿಣಕ್ಕೆ ಹೊರಟು ಗಂಗಾವತಿಯನ್ನು ದಾಟಿದರೆ ಆನೆಗೊಂದಿಯು ದೊರೆಯುತ್ತದೆ. ಅಲ್ಲಿ ತುಂಗಭದ್ರೆಯ ಆಚೆಯ ದಡದಲ್ಲಿ ಹಂಪೆಯ ಹಾಳು ಹರಡಿಕೊಂಡಿದೆ. 1565ನೆಯ ಜನವರಿಯಲ್ಲಿ ರಕ್ಕಸತಂಗಡಿಯ ಕಾಳಗದಲ್ಲಿ ರಾಮರಾಯನು ಮಡಿದನು. ಇನ್ನೂರು ವರ್ಷಗಳಿಗೂ ಮಿಗಿಲಾಗಿ ಮೆರೆದ ರಾಜಧಾನಿಯು ಕೆಲವೇ ತಿಂಗಳುಗಳಲ್ಲಿ ಪಾಳುಬಿದ್ದಿತು. ಈ ಸೀಮೆಯ ಜನಕ್ಕೆ ಅದು ಒಂದು ಅರಸುಮನೆತನದ ಸೋಲಷ್ಟೇ ಆಗಿರಲಿಲ್ಲ. ತಮ್ಮ ಲೋಕವೇ ಮುಗಿದಂತಾಯಿತು. ಕಾಲಜ್ಞಾನವೆಂಬ ಸಾಹಿತ್ಯವು ಕನ್ನಡನಾಡಿನಲ್ಲಿ ಅಷ್ಟು ಆಳವಾಗಿ ಬೇರೂರಿದುದೇಕೆ ಎಂಬ ಪ್ರಶ್ನೆಗೆ ಉತ್ತರವನ್ನು ಈ ಹಾಳಿನ ನಡುವೆಯೇ ಹುಡುಕಬೇಕು.

ಲೋಕಾಂತ್ಯದ ಲೆಕ್ಕಕ್ಕೆ ಮೂಲವು ಇನ್ನೂ ಹಳೆಯದು. ಕಲಿಯುಗದ ಪ್ರಮಾಣವು 4,32,000 ವರ್ಷಗಳೆಂದು ಪುರಾಣಗಳೂ ಸಿದ್ಧಾಂತಗ್ರಂಥಗಳೂ ಹೇಳುತ್ತವೆ. ಅದರ ಆರಂಭವನ್ನು ಜ್ಯೋತಿಷಿಗಳು ಕ್ರಿಸ್ತಪೂರ್ವ 3102ನೆಯ ಫೆಬ್ರವರಿಗೆ ನಿಲ್ಲಿಸಿದರು. ಆ ದಿನ ಗ್ರಹಗಳೆಲ್ಲ ಮೇಷದ ಆದಿಯಲ್ಲಿ ಒಟ್ಟುಗೂಡಿದ್ದುವೆಂಬುದು ಅವರ ಆಧಾರ. ಆದರೆ ಇದು ಕಣ್ಣಾರೆ ಕಂಡು ಬರೆದಿಟ್ಟ ಸಂಗತಿಯಲ್ಲ. ಗ್ರಹಗತಿಗಳನ್ನು ಹಿಂದಕ್ಕೆ ಎಣಿಸುತ್ತ ಹೋಗಿ ಪಡೆದ ಫಲ. ಅಂದು ಗ್ರಹಗಳು ಒಂದೇ ಬಿಂದುವಿನಲ್ಲಿ ಇರಲಿಲ್ಲವೆಂದು ಇಂದಿನ ಗಣಿತವು ತೋರಿಸಿಕೊಟ್ಟಿದೆ. ಕಲಿಯ 3600 ವರ್ಷಗಳು ಕಳೆದಾಗ ತನಗೆ 23 ವರ್ಷವೆಂದು ಆರ್ಯಭಟನು ಹೇಳಿಕೊಂಡಿದ್ದಾನೆ. ಅದು ಕ್ರಿಸ್ತಶಕ 499. ಐಹೊಳೆಯ ಮೇಗುತಿ ಗುಡಿಯ ಶಾಸನದಲ್ಲಿ ರವಿಕೀರ್ತಿಯು ಭಾರತಯುದ್ಧದಿಂದ 3735 ವರ್ಷಗಳೂ ಶಕರಾಜರ ಕಾಲದ 556 ವರ್ಷಗಳೂ ಸಂದುವೆಂದು ಕೊರೆಯಿಸಿದನು, ಅದು 634. ಹೀಗೆ ಗಣಿತಜ್ಞರ ಅನುಕೂಲಕ್ಕಾಗಿ ಹುಟ್ಟಿದ ಒಂದು ಎಣಿಕೆಯು ಕಲ್ಲಿನ ಮೇಲೆ ಚರಿತ್ರೆಯಾಗಿ ನಿಂತಿತು.

ಆರಂಭವನ್ನು ನಿಶ್ಚಯಿಸಿದವರಿಗೆ ಅಂತ್ಯವನ್ನು ಎಣಿಸುವುದು ಸುಲಭವಷ್ಟೆ. ಕಲಿಯ 5000 ವರ್ಷಗಳು ತುಂಬಿದೊಡನೆ ಗಂಗೆಯು ಭೂಲೋಕವನ್ನು ಬಿಟ್ಟು ಹೋಗುವಳೆಂದು ದೇವೀಭಾಗವತವು ಹೇಳುತ್ತದೆ. ಆ ಅವಧಿಯು 1899ಕ್ಕೆ ತುಂಬಿತು. ಗಂಗೆಯು ಇಂದಿಗೂ ಹರಿಯುತ್ತಿದ್ದಾಳೆ.

ಪುರಾಣಗಳು ಕಲಿಯುಗದ ರಾಜವಂಶಗಳನ್ನು ಭವಿಷ್ಯತ್ಕಾಲದಲ್ಲಿಯೇ ವರ್ಣಿಸುತ್ತವೆ. ನಂದರು ಆಳುವರು, ಮೌರ್ಯರು ಆಳುವರು ಎಂದು ಸಾಗುವ ಆ ಪಟ್ಟಿಯು ಗುಪ್ತರವರೆಗೆ ಬಂದು ಮಸುಕಾಗುತ್ತದೆ. ವಿದ್ಯಾರಣ್ಯರ ಹೆಸರಿನಲ್ಲಿರುವ ಕಾಲಜ್ಞಾನವೂ ವಿಜಯನಗರದ ಅರಸರ ಪರಂಪರೆಯನ್ನು ಇದೇ ರೀತಿಯಾಗಿ ಮುಂದೆ ಆಗುವುದೆಂಬಂತೆ ನುಡಿಯುತ್ತದೆ. ಭವಿಷ್ಯವು ಎಲ್ಲಿಯವರೆಗೆ ಸರಿಯಾಗಿ ಹೊಂದುವುದೋ ಅಲ್ಲಿಯವರೆಗಿನದು ನಡೆದುಹೋದ ಸಂಗತಿಯೆಂದೂ, ಎಲ್ಲಿ ತಪ್ಪತೊಡಗುವುದೋ ಅದೇ ಗ್ರಂಥಕಾರನ ಕಾಲವೆಂದೂ ಪಂಡಿತರು ನಿರ್ಣಯಿಸುತ್ತಾರೆ. ಸೋತ ಭವಿಷ್ಯವೇ ಗ್ರಂಥದ ಕಾಲವನ್ನು ತಿಳಿಸುವ ಸಾಕ್ಷಿಯಾಗುವುದು ಒಂದು ವಿನೋದವೇ ಸರಿ.

ಕಾಳಗವು ನಡೆದು ಎರಡು ದಶಕಗಳು ಕಳೆಯುವ ಹೊತ್ತಿಗೆ, 1584ರ ಸುಮಾರಿನಲ್ಲಿ, ವಿರೂಪಾಕ್ಷಪಂಡಿತನು ಚೆನ್ನಬಸವಪುರಾಣವನ್ನು ರಚಿಸಿದನು. ಹನ್ನೆರಡನೆಯ ಶತಮಾನದ ಚೆನ್ನಬಸವಣ್ಣನ ಬಾಯಿಂದ ಅಲ್ಲಿ ಮುಂದಿನ ಕಥೆಯು ಹೊರಡುತ್ತದೆ: ವೀರವಸಂತರಾಯನೆಂಬ ಅರಸನು ಬಂದು ಹಾಳಾದ ಕಲ್ಯಾಣವನ್ನು ಮರಳಿ ಕಟ್ಟುವನಂತೆ. ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನ ಬಸವಣ್ಣನ ಪರಂಪರೆಯವರೂ ಕಾಲಜ್ಞಾನದ ಓಲೆಗಳನ್ನು ಅಮರಗನ್ನಡವೆಂಬ ಗೂಢಲಿಪಿಯಲ್ಲಿ ಬರೆದು ಕಾಪಾಡಿಕೊಂಡು ಬಂದರು. ಆ ವಸಂತರಾಯನು ಬರಲಿಲ್ಲ. ಬಹಮನಿಯ ಅನಂತರದ ಸುಲ್ತಾನರು, ಮೊಗಲರು, ಮರಾಠರು, ನಿಜಾಮರು ಒಬ್ಬರಾದ ಮೇಲೊಬ್ಬರು ಈ ನೆಲವನ್ನು ಆಳಿದರು. ಆದರೂ ನಿರೀಕ್ಷೆಯು ಅಳಿಯಲಿಲ್ಲ. ಏಕೆಂದರೆ ಅದು ಪಂಚಾಂಗದಲ್ಲಿ ಹುಟ್ಟಿದುದಲ್ಲ, ದುಃಖದಲ್ಲಿ ಹುಟ್ಟಿದುದು.

ನಿರೀಕ್ಷೆಯು ಉಳಿಯುವುದಕ್ಕೆ ಎಣಿಕೆಯ ರೀತಿಯೂ ನೆರವಾಯಿತು. ಸಂವತ್ಸರಗಳ ಹೆಸರುಗಳು 60. ಅವು ಮುಗಿದೊಡನೆ ಮೊದಲಿನಿಂದ ತಿರುಗಿ ಬರುತ್ತವೆ. ರಕ್ಕಸತಂಗಡಿಯ ಕಾಳಗವು ರಕ್ತಾಕ್ಷಿ ಸಂವತ್ಸರದಲ್ಲಿ ನಡೆಯಿತು. ಆ ರಕ್ತಾಕ್ಷಿಯು 1624ರಲ್ಲಿಯೂ 1684ರಲ್ಲಿಯೂ ಮರಳಿ ಬಂದಿತು. ಸಂವತ್ಸರದ ಹೆಸರನ್ನಷ್ಟೇ ಹೇಳಿ ಶಕವರ್ಷವನ್ನು ಹೇಳದ ಭವಿಷ್ಯಕ್ಕೆ ಸೋಲೆಂಬುದಿಲ್ಲ. ಈ ಸಲ ಆಗದಿದ್ದುದು ಮುಂದಿನ ಸುತ್ತಿನಲ್ಲಿ ಆಗುವುದೆಂದು ಹೇಳಬಹುದು. ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರ್ಣಿಕವು ದಿನವನ್ನು ಗೊತ್ತುಮಾಡದೆ ಒಂದೇ ಚಿಕ್ಕ ಮಾತಿನಲ್ಲಿ ಮುಗಿಯುತ್ತದೆ. ಅರ್ಥವನ್ನು ಕೇಳಿದವರೇ ಮಾಡಿಕೊಳ್ಳುತ್ತಾರೆ. ದಿನವನ್ನು ಹೇಳಿದ ಭವಿಷ್ಯಕ್ಕೆ ಈ ಅನುಕೂಲವಿಲ್ಲ.

ಅಂತಹ ಪರೀಕ್ಷೆಯು 1962ರಲ್ಲಿ ಒದಗಿತು. ಪ್ಲವ ಸಂವತ್ಸರದ ಪುಷ್ಯ ಬಹುಳ ಅಮಾವಾಸ್ಯೆಯ ಆಸುಪಾಸಿನಲ್ಲಿ, ಫೆಬ್ರವರಿ 3ರಿಂದ 5ರವರೆಗೆ, ಸೂರ್ಯ, ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ ಮತ್ತು ಕೇತುಗಳು ಮಕರರಾಶಿಯಲ್ಲಿ ಸೇರಿದುವು. ಲೋಕವು ನಾಶವಾಗುವುದೆಂಬ ಭೀತಿಯು ದೇಶವನ್ನೆಲ್ಲ ಹಬ್ಬಿತು. ಊರೂರುಗಳಲ್ಲಿ ಶಾಂತಿಹೋಮಗಳು ನಡೆದುವು. ಪ್ರಧಾನಿ ನೆಹರೂ ಅವರು ಇದು ನಗೆಗೀಡಾದ ಸಂಗತಿಯೆಂದು ತಳ್ಳಿಹಾಕಿದರು. ಗ್ರಹಗಳು ಒಂದೇ ದಿಕ್ಕಿನಲ್ಲಿ ಕಂಡರೂ ಒಂದೆಡೆ ಸೇರಿರುವುದಿಲ್ಲ. ಶನಿಯು ಸೂರ್ಯನಿಂದ ಸುಮಾರು 140 ಕೋಟಿ ಕಿಲೋಮೀಟರುಗಳಾಚೆ ಇರುವುದು. ಅಮಾವಾಸ್ಯೆಯು ಕಳೆಯಿತು, ಅದೇ ತಿಂಗಳಲ್ಲಿ ದೇಶದ ಮೂರನೆಯ ಮಹಾಚುನಾವಣೆಯು ಸಾಂಗವಾಗಿ ನಡೆಯಿತು. ಆಗ ಹೋಮ ಮಾಡಿದವರು ಲೆಕ್ಕವು ತಪ್ಪಿತೆನ್ನಲಿಲ್ಲ. ಹೋಮದಿಂದಲೇ ಲೋಕವು ಉಳಿಯಿತೆಂದರು.

ಇದು ನಮ್ಮ ದೇಶದ ಬುದ್ಧಿ ಮಾತ್ರವೆಂದು ಬಗೆಯಲಾಗದು. ಜರ್ಮನಿಯ ಸ್ಟಾಫ್ಲರನ ಪಂಚಾಂಗವು 1524ನೆಯ ಫೆಬ್ರವರಿಯಲ್ಲಿ ಮೀನರಾಶಿಯಲ್ಲಾಗುವ ಗ್ರಹಕೂಟವನ್ನು ತಿಳಿಸಿದುದರಿಂದ ಯೂರೋಪಿನಲ್ಲಿ ಜಲಪ್ರಳಯದ ಭಯವು ಹುಟ್ಟಿತು, ಪ್ರಳಯವಾಗಲಿಲ್ಲ. ಅಮೆರಿಕದ ವಿಲಿಯಂ ಮಿಲ್ಲರನು ಬೈಬಲಿನ ಅಂಕೆಗಳಿಂದ ಕ್ರಿಸ್ತನ ಪುನರಾಗಮನವನ್ನು ಎಣಿಸಿದನು. ಅವನ ಅನುಯಾಯಿಗಳು 1844ನೆಯ ಅಕ್ಟೋಬರ್ 22ನ್ನು ಕಾದು ನಿರಾಶರಾದರು. ಆದರೂ ಅವರಲ್ಲಿ ಕೆಲವರು ಆ ದಿನಕ್ಕೆ ಬೇರೆ ಅರ್ಥವನ್ನು ಹಚ್ಚಿದರು. ಅವರಿಂದ 1863ರಲ್ಲಿ ಒಂದು ಹೊಸ ಮತಸಂಸ್ಥೆಯೇ ಏರ್ಪಟ್ಟು ಇಂದಿಗೂ ಬಾಳುತ್ತಿದೆ. ಲೆಕ್ಕವು ಸೋತರೂ ಸಂಘವು ಗೆದ್ದಿತು.

ಆದಕಾರಣ ಕಾಲಜ್ಞಾನಗಳನ್ನು ಹುಸಿಯೆಂದು ಎಸೆಯುವುದೂ ನಿಜವೆಂದು ನಂಬುವುದೂ ಸಮನಾದ ತಪ್ಪುಗಳು. ಮುಂದಾಗುವುದನ್ನು ಅವು ತಿಳಿಸಲಾರವು; ಆದರೆ ಬರೆದವರ ಕಾಲದಲ್ಲಿ ಜನರು ಯಾವುದಕ್ಕೆ ಅಂಜಿದರು, ಯಾವುದನ್ನು ಹಂಬಲಿಸಿದರು ಎಂಬುದನ್ನು ಶಾಸನಗಳಿಗಿಂತ ಚೆನ್ನಾಗಿ ತಿಳಿಸುತ್ತವೆ. ಶಾಸನವು ಅರಸನ ಗೆಲುವನ್ನು ಹೇಳುತ್ತದೆ. ಕಾಲಜ್ಞಾನವು ಅರಸನನ್ನು ಕಳೆದುಕೊಂಡವರ ಮನಸ್ಸನ್ನು ಹೇಳುತ್ತದೆ. ವಸಂತರಾಯನು ಬಾರದಿದ್ದರೂ ತುಂಗಭದ್ರೆಯ ತೀರದ ರೈತನು ಆ ನಾಲ್ಕೂವರೆ ಶತಮಾನಗಳಲ್ಲಿ ಪ್ರತಿ ಮಳೆಗಾಲಕ್ಕೂ ಬಿತ್ತುತ್ತಲೇ ಬಂದನು. ಈ ಸೀಮೆಯು ಉಳಿದುಕೊಂಡುದು ಆ ಬಿತ್ತನೆಯಿಂದ.