ಕಬ್ಬಿನ ಗದ್ದೆಯಿಂದ ಮೌನ ಕಣಿವೆಗೆ

ಸಂಕ್ರಾಂತಿಗೆ ಎಳ್ಳು ಬೀರಲು ಹೊರಡುವ ನಾವು ತಟ್ಟೆಯಲ್ಲಿ ಬೆಲ್ಲದ ಚೂರು, ಸಕ್ಕರೆ ಅಚ್ಚು ಇಟ್ಟುಕೊಳ್ಳುತ್ತೇವೆ. ಆ ಬೆಲ್ಲ ಎಲ್ಲಿಯದು ಎಂದರೆ ಮಂಡ್ಯದ್ದು ಎನ್ನುತ್ತೇವೆ. ಅಲ್ಲಿಯ ರೈತರನ್ನು ಯಾವ ಕಬ್ಬು ಎಂದು ಕೇಳಿ ನೋಡಿ, 'ಕೋ 62175', 'ಕೋ 86032' ಎಂದು ನಂಬರು ಹೇಳುತ್ತಾರೆ. 'ಕೋ' ಎಂದರೆ ಕೊಯಮತ್ತೂರು. 1912ರಲ್ಲಿ ಅಲ್ಲಿ ಶುರುವಾದ ಕಬ್ಬಿನ ತಳಿ ಸಂಸ್ಥೆಯ ಗುರುತು ಅದು.

ಆ ಸಂಸ್ಥೆಗೆ 1934ರಲ್ಲಿ ಒಬ್ಬ ಹೆಣ್ಣುಮಗಳು ವಿಜ್ಞಾನಿಯಾಗಿ ಸೇರಿದರು. ಅವರ ಹೆಸರು ಇ. ಕೆ. ಜಾನಕಿ ಅಮ್ಮಾಳ್. ತರಗತಿಯಲ್ಲಿ ಮಹಿಳಾ ವಿಜ್ಞಾನಿಯೊಬ್ಬರ ಹೆಸರು ಹೇಳಿ ಎಂದರೆ ಮಕ್ಕಳು ಒಟ್ಟಿಗೇ ಮೇಡಂ ಕ್ಯೂರಿ ಎನ್ನುತ್ತಾರೆ. ಇನ್ನೊಂದು ಹೆಸರು ಎಂದರೆ ಸದ್ದಿಲ್ಲ. ಆ ಸದ್ದಿಲ್ಲದ ಜಾಗದಲ್ಲಿ ನಾನು ಜಾನಕಿ ಅಮ್ಮಾಳರ ಕಥೆ ಹೇಳುತ್ತೇನೆ.

ಅವರು ಹುಟ್ಟಿದ್ದು 1897ರಲ್ಲಿ, ಮಲಬಾರಿನ ತಲಶ್ಶೇರಿಯಲ್ಲಿ. ತಂದೆ ಸಬ್ ಜಡ್ಜ್, ತುಂಬು ಕುಟುಂಬ, ಮನೆಯಲ್ಲಿ ಪುಸ್ತಕಗಳಿಗೂ ತೋಟಕ್ಕೂ ಆದರ. ಅಕ್ಕತಂಗಿಯರು ಮದುವೆಯಾಗಿ ಹೋದರು. ಜಾನಕಿ ಮದರಾಸಿಗೆ ಓದಲು ಹೋದರು. ಕ್ವೀನ್ ಮೇರೀಸ್ ಕಾಲೇಜು, ಪ್ರೆಸಿಡೆನ್ಸಿ ಕಾಲೇಜು, ಆಮೇಲೆ ಅಧ್ಯಾಪಕಿಯ ಕೆಲಸ. ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಇದ್ದ ಬಾರ್ಬರ್ ವಿದ್ಯಾರ್ಥಿವೇತನ ದೊರೆತು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ ಸೇರಿದರು. 1931ರಲ್ಲಿ ಡಾಕ್ಟರೇಟ್ ಪಡೆದರು. ನಮ್ಮ ಅಜ್ಜಿಯರು ಹನ್ನೆರಡು ಹದಿಮೂರಕ್ಕೆ ಗಂಡನ ಮನೆಗೆ ಹೋಗುತ್ತಿದ್ದ ಕಾಲ ಅದು.

ಕೊಯಮತ್ತೂರಿನಲ್ಲಿ ಅವರ ಕೆಲಸವೇನು? ರಸ ತುಂಬಿದ ದಪ್ಪ ಕಬ್ಬು ಸಿಹಿ, ಆದರೆ ನಾಜೂಕು. ಚಳಿಗೂ ರೋಗಕ್ಕೂ ಬೇಗ ಸೋಲುತ್ತದೆ. ಹೊಳೆದಂಡೆಯಲ್ಲಿ ತಾನಾಗಿ ಬೆಳೆಯುವ ಕಾಡು ಕಬ್ಬು ಹುಲ್ಲಿನಂತೆ ಸಣ್ಣ, ಸಿಹಿಯಿಲ್ಲ, ಆದರೆ ಬಲು ಗಟ್ಟಿ. ಇವೆರಡನ್ನೂ ಕೂಡಿಸಿ ಹೊಸ ತಳಿ ತೆಗೆಯುವ ದಾರಿಯನ್ನು ಬಾರ್ಬರ್ ಮತ್ತು ಟಿ. ಎಸ್. ವೆಂಕಟರಾಮನ್ ಮೊದಲೇ ಹಾಕಿಕೊಟ್ಟಿದ್ದರು. ಜಾನಕಿ ಅಮ್ಮಾಳ್ ಆ ಸಸ್ಯಗಳ ಒಳಗೆ ಇಣುಕಿದರು. ಜೀವಕೋಶಕ್ಕೆ ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿಟ್ಟು, ಕಡ್ಡಿಯಂತೆ ಕಾಣುವ ವರ್ಣತಂತುಗಳನ್ನು ಒಂದೊಂದಾಗಿ ಎಣಿಸುವುದು ಅವರ ಕೆಲಸ. ದಪ್ಪ ಕಬ್ಬಿನಲ್ಲಿ 80, ಮುಸುಕಿನ ಜೋಳದಲ್ಲಿ 20. ಮದುವೆಗೆ ಮುಂಚೆ ಜಾತಕ ನೋಡಿದ ಹಾಗೆ, ಯಾವುದು ಯಾವುದರ ಜೊತೆ ಕೂಡೀತು, ಕೂಡಿದರೆ ಸಂತಾನ ಹೇಗಿದ್ದೀತು ಎಂಬುದಕ್ಕೆ ಈ ಲೆಕ್ಕ ಬೇಕು. ಕಬ್ಬನ್ನು ಜೋಳದೊಂದಿಗೆ, ಬೇರೆ ಬೇರೆ ಹುಲ್ಲುಗಳೊಂದಿಗೆ ಅವರು ಕೂಡಿಸಿ ನೋಡಿದರು. ಕಬ್ಬಿನ ಬಂಧುಬಳಗ ಎಷ್ಟು ದೊಡ್ಡದು ಎಂಬುದು ಇದರಿಂದ ತಿಳಿಯಿತು.

ಗಂಡಸರೇ ತುಂಬಿದ್ದ ಕಚೇರಿ. ಇವರೋ ಮದುವೆಯಾಗದ ಹೆಣ್ಣು, ಜೊತೆಗೆ ಆ ಕಾಲದವರು ಕೀಳೆಂದು ಕಾಣುತ್ತಿದ್ದ ತೀಯ ಸಮುದಾಯದವರು. ಅಲ್ಲಿ ಅವರ ದಿನಗಳು ಸುಖದ್ದಾಗಿರಲಿಲ್ಲ ಎಂದು ಅವರ ಬದುಕನ್ನು ಬರೆದವರು ಹೇಳುತ್ತಾರೆ. 1939ರಲ್ಲಿ ಎಡಿನ್‌ಬರೋದ ತಳಿವಿಜ್ಞಾನ ಸಮ್ಮೇಳನಕ್ಕೆ ಹೋದವರು, ಯುದ್ಧ ಶುರುವಾದದ್ದರಿಂದ ಇಂಗ್ಲೆಂಡಿನಲ್ಲೇ ಉಳಿದರು. ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದ ವರ್ಷಗಳಲ್ಲೂ ಜಾನ್ ಇನ್ನೆಸ್ ಸಂಸ್ಥೆಯಲ್ಲಿ ಅವರ ಎಣಿಕೆ ನಡೆದೇ ಇತ್ತು. ಡಾರ್ಲಿಂಗ್‌ಟನ್ ಎಂಬ ವಿಜ್ಞಾನಿಯ ಜೊತೆ ಸೇರಿ, ಮನುಷ್ಯ ಬೆಳೆಸುವ ಸಸ್ಯಗಳ ವರ್ಣತಂತುಗಳ ಬಗ್ಗೆ 1945ರಲ್ಲಿ ಹೊರತಂದ ಗ್ರಂಥ ತಜ್ಞರಿಗೆ ಕೈಪಿಡಿಯಾಯಿತು. ಆಮೇಲೆ ವಿಸ್ಲಿಯ ತೋಟಗಾರಿಕಾ ಸಂಘದಲ್ಲಿ ಕೆಲಸ. ಅಲ್ಲಿಯ ಒಂದು ಬಿಳಿ ಮ್ಯಾಗ್ನೋಲಿಯಾ ಹೂವಿಗೆ ಅವರ ಹೆಸರನ್ನೇ ಇಟ್ಟಿದ್ದಾರೆ.

ಅಲ್ಲೇ ಇದ್ದಿದ್ದರೆ ನೆಮ್ಮದಿಯಾಗಿ ಇರಬಹುದಿತ್ತು. 1951ರಲ್ಲಿ ನೆಹರೂ ಕರೆದರು. ಭಾರತದ ಸಸ್ಯ ಸರ್ವೇಕ್ಷಣ ಇಲಾಖೆಯನ್ನು ಮತ್ತೆ ಕಟ್ಟಿಕೊಡಿ ಎಂದರು. ಜಾನಕಿ ಅಮ್ಮಾಳ್ ಬಂದರು, ಗಿಡಮರ ಹುಡುಕುತ್ತಾ ದೇಶ ಸುತ್ತಿದರು. ಈ ಸುತ್ತಾಟದ ಒಂದು ಪ್ರಸಂಗ ನನ್ನ ಮನಸ್ಸಿನಿಂದ ಹೋಗಿಲ್ಲ. ಶಿಲ್ಲಾಂಗಿನಿಂದ 37 ಮೈಲಿ ದೂರದಲ್ಲಿ ಒಂದು ಅಪರೂಪದ ಮ್ಯಾಗ್ನೋಲಿಯಾ ಮರವಿತ್ತು, ಆ ಸೀಮೆಗೆಲ್ಲ ಅದೊಂದೇ. ಅದನ್ನು ನೋಡಲೆಂದು ಅಷ್ಟು ದೂರ ಹೋದರೆ ಮರ ಸುಟ್ಟುಹೋಗಿತ್ತು. ಇದನ್ನು ಅವರು ಡಾರ್ಲಿಂಗ್‌ಟನ್‌ಗೆ ಕಾಗದದಲ್ಲಿ ಬರೆದು ತಿಳಿಸಿದರು.

ಗದ್ದೆಯ ವಿಜ್ಞಾನಿ ಕಾಡಿನ ಕಡೆ ಏಕೆ ತಿರುಗಿದರು ಎಂದು ಕೇಳುವವರಿಗೆ ನನ್ನ ಉತ್ತರ ಇದು: ಗದ್ದೆಯ ಕಬ್ಬಿಗೆ ಬಲ ಬಂದದ್ದೇ ಯಾರೂ ನೆಡದ, ಯಾರೂ ನೀರು ಹಾಕದ ಕಾಡು ಕಬ್ಬಿನಿಂದ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದರು. ನಾಳೆ ಭತ್ತಕ್ಕೋ ಬದನೆಗೋ ಹೊಸ ರೋಗ ಬಂದರೆ ಅದರ ಕಾಡುನೆಂಟರನ್ನೇ ಹುಡುಕಿಕೊಂಡು ಹೋಗಬೇಕು. ಹೋದಾಗ ಕಾಡೇ ಇಲ್ಲದಿದ್ದರೆ? 1955ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ, ಮನುಷ್ಯ ಭೂಮಿಯನ್ನು ಬದಲಾಯಿಸುತ್ತಿರುವ ಬಗ್ಗೆ ದೊಡ್ಡ ವಿಚಾರಗೋಷ್ಠಿ ನಡೆಯಿತು. ಅಲ್ಲಿಗೆ ಆಹ್ವಾನ ಪಡೆದ ಒಬ್ಬಳೇ ಹೆಣ್ಣು ಇವರು. ಭಾರತದ ಬುಡಕಟ್ಟಿನ ಜನ ಬೆಳೆದು ಉಳಿಸಿಕೊಂಡು ಬಂದ ಸಸ್ಯಗಳ ಬಗ್ಗೆ ಮಾತನಾಡಿದರು.

ಮುಂದೆ ಮದರಾಸಿನ ಬಳಿಯ ಮಧುರವಾಯಲಿನಲ್ಲಿ ನೆಲೆಸಿದರು. ಇಳಿವಯಸ್ಸಿನಲ್ಲಿ ಹಳದಿ ರೇಷ್ಮೆ ಸೀರೆ ಉಡುತ್ತಿದ್ದರೆಂದು ಅವರ ಬಂಧುವೊಬ್ಬರು ನೆನೆದಿದ್ದಾರೆ. 1977ರಲ್ಲಿ ಪದ್ಮಶ್ರೀ ಬಂತು. ಅದೇ ಹೊತ್ತಿಗೆ ಕೇರಳದ ಪಾಲಕ್ಕಾಡ್ ಜಿಲ್ಲೆಯ ಸೈಲೆಂಟ್ ವ್ಯಾಲಿ, ಅಂದರೆ ಮೌನ ಕಣಿವೆಯಲ್ಲಿ, ಕುಂತಿಪುಳ ಹೊಳೆಗೆ ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವ ಯೋಜನೆ ಎದ್ದಿತ್ತು. ಮಳೆಕಾಡು ಮುಳುಗುತ್ತದೆಂದು ಶಾಲಾ ಮೇಷ್ಟರು, ಕವಿಗಳು, ವಿಜ್ಞಾನಿಗಳು ಒಂದಾಗಿ ವಿರೋಧಿಸಿದರು. ಎಂಬತ್ತರ ಜಾನಕಿ ಅಮ್ಮಾಳ್ ಕೂಡ ದನಿಗೂಡಿಸಿದರು. ಅಷ್ಟಕ್ಕೇ ನಿಲ್ಲದೆ, ಮುಳುಗಲಿರುವ ಆ ಕಾಡಿನ ಮರಗಳ ವರ್ಣತಂತುಗಳನ್ನು ಎಣಿಸಿಡುವೆನೆಂದು ಹೊರಟರು. ಕೊಯಮತ್ತೂರಿನಲ್ಲಿ ಕಬ್ಬಿಗೆ ಮಾಡಿದ್ದನ್ನೇ ಈಗ ಕಾಡಿಗಾಗಿ ಮಾಡುವ ಮನಸ್ಸು.

1983ರಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. 1984ರ ಫೆಬ್ರುವರಿ 7ರಂದು ಜಾನಕಿ ಅಮ್ಮಾಳ್ ತೀರಿಕೊಂಡರು. ಅದೇ ವರ್ಷದ ನವೆಂಬರ್ 15ರಂದು ಮೌನ ಕಣಿವೆ ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು.

ಪಿಯುಸಿ ಮುಗಿಸಿದ ಮಗಳು ಕೃಷಿ ವಿಜ್ಞಾನವನ್ನೋ ಅರಣ್ಯ ಶಾಸ್ತ್ರವನ್ನೋ ಓದುತ್ತೇನೆಂದರೆ, ಹೊಲ ಕಾಡು ಅಲೆಯುವ ಓದು ಹೆಣ್ಣಿಗೇಕೆ ಎಂದು ರಾಗ ಎಳೆಯುವವರು ನಮ್ಮ ಊರುಗಳಲ್ಲಿ ಈಗಲೂ ಇದ್ದಾರೆ. ತಾಯಂದಿರು ಹಾಗೆನ್ನಬಾರದು. ಅಂಥ ಮಾತು ಬಂದಾಗ ತಲಶ್ಶೇರಿಯ ಈ ಹೆಣ್ಣುಮಗಳ ಹೆಸರನ್ನು ಹೇಳಿ. ಉಳಿದದ್ದನ್ನು ಹುಡುಗಿ ತಾನೇ ಓದಿಕೊಳ್ಳುತ್ತಾಳೆ.